ಇಳಿತ, ಮುಹೂರ್ತ ಮತ್ತು ಕಲಂ 21: ತೋಡಿಗೆ ಬೀಳುತ್ತಿದ್ದ ಕೊಳಚೆ ನಿಲ್ಲಿಸಿದ ಅನುಭವ

“ಹೈಕೋರ್ಟಿಗೆ ಪಿಐಎಲ್ ಹಾಕದೆ ಅಲ್ಲಿ ಏನೂ ಆಗ್ಲಿಕ್ಕಿಲ್ಲ” ಎಂದವರೇ ಹೆಚ್ಚು. ಮಂಗಳೂರಿನ ಫಲ್ಗುಣಿ ನದಿಗೆ ಸೇರುವ ನಮ್ಮ ತೋಡಿಗೆ (ಸಣ್ಣ ಹಳ್ಳಕ್ಕೆ) ಹೋಟೆಲು, ಮಳಿಗೆ, ಮದುವೆ ಹಾಲ್ ಇರುವ ಒಂದು ಕಟ್ಟಡದಿಂದ ಬೀಳುತ್ತಿದ್ದ ಕೊಳಚೆ ಈಗ ನಿಂತಿದೆ. ಪಿಐಎಲ್ ಇಲ್ಲ, ವಕೀಲರ ಫೀಸೂ ಇಲ್ಲ. ಒಟ್ಟು ಖರ್ಚು 38 ಸಾವಿರದ ಆಸುಪಾಸು. ಅದರಲ್ಲಿ 21 ಸಾವಿರ ನೀರಿನಲ್ಲಿ ಮಾಡಿದ ಹೋಮ. ಅದು ಎಲ್ಲಿ ಹೋಯಿತೆಂದು ಮೊದಲು ಹೇಳುತ್ತೇನೆ. ಇದೇ ಕೆಲಸದಲ್ಲಿರುವವರಿಗೆ ಉಪಯೋಗಕ್ಕೆ ಬರುವುದು ಅದೇ.

ಏಳು ಸಲ ನೀರಿನ ಮಾದರಿ ತೆಗೆದು ಖಾಸಗಿ ಲ್ಯಾಬಿಗೆ ಕೊಟ್ಟಿದ್ದೆವು, ಸಲಕ್ಕೆ ಸುಮಾರು 3 ಸಾವಿರ. ಮೊದಲೆರಡು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿ ಮರುದಿನ ಮಧ್ಯಾಹ್ನ ತಲುಪಿಸಿದವು. ಅಷ್ಟರಲ್ಲಿ ಬಿಒಡಿ (ಕೊಳೆಯನ್ನು ಅರಗಿಸಲು ಬ್ಯಾಕ್ಟೀರಿಯಾಕ್ಕೆ ಬೇಕಾದ ಆಮ್ಲಜನಕ, ಅಂದರೆ ಕೊಳೆ ಎಷ್ಟಿದೆ ಎಂಬುದರ ಅಳತೆ) ಒಂದಷ್ಟು ಕರಗಿರುತ್ತದೆ. ಆಮೇಲೆ ಮೀನಿನ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ, ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ, ಆರು ಗಂಟೆಯೊಳಗೆ ಮುಟ್ಟಿಸಲು ಕಲಿತೆವು. ಮೂರನೆಯ ಸಲ ಬಂದ ಅಂಕಿ ಇನ್ನೂ ವಿಚಿತ್ರ: ಸಿಒಡಿ (ರಾಸಾಯನಿಕದಿಂದ ಅಳೆಯುವ ಆಮ್ಲಜನಕದ ಬೇಡಿಕೆ) ಲೀಟರಿಗೆ 640 ಮಿಲಿಗ್ರಾಂ, ಬಿಒಡಿ ಬರೀ 14. ಗೆದ್ದೆವು ಎಂದುಕೊಂಡರೆ ಲ್ಯಾಬಿನವರೇ ನಕ್ಕರು. ಕ್ಲೋರೈಡ್, ಅಂದರೆ ಉಪ್ಪಿನ ಅಂಶ, 9 ಸಾವಿರದ ಹತ್ತಿರ ಇತ್ತು. ಉಬ್ಬರದಲ್ಲಿ ಅಳಿವೆಯ ಉಪ್ಪುನೀರು ತೋಡಿಗೆ ಏರಿದ ಹೊತ್ತಿನಲ್ಲಿ ನಾವು ಬಾಟಲಿ ಅದ್ದಿದ್ದೆವು. ಕ್ಲೋರೈಡ್ ಲೀಟರಿಗೆ 2,000 ಮಿಲಿಗ್ರಾಂ ದಾಟಿದರೆ ಡೈಕ್ರೋಮೇಟ್ ವಿಧಾನದ ಸಿಒಡಿಯನ್ನು ನಂಬಲಾಗದು. ಎದುರು ಪಾರ್ಟಿಯ ಕೈಗೆ ಆ ವರದಿ ಸಿಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಅಂದಿನಿಂದ 1,800 ರೂಪಾಯಿಯ ಒಂದು ಜೇಬಿನ ಕಂಡಕ್ಟಿವಿಟಿ ಮೀಟರ್ ಜೊತೆಗಿದೆ. ನೀರಿನಲ್ಲಿ ಉಪ್ಪು ಹೆಚ್ಚಿದಂತೆ ಅದರ ಅಂಕಿ ಏರುತ್ತದೆ. 3,000 ಮೈಕ್ರೋಸೀಮೆನ್ಸ್ ದಾಟಿದರೆ ಬಾಟಲಿಯ ಮುಚ್ಚಳವನ್ನೇ ತೆಗೆಯುವುದಿಲ್ಲ. ನವಮಂಗಳೂರು ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿ ಇಳಿತದ ಕೊನೆಯ ಒಂದು ಗಂಟೆಯನ್ನು ಹಿಡಿಯಬೇಕು. ನಮ್ಮ ತೋಡಿನಲ್ಲಿ ಅದು ಪಟ್ಟಿಯ ಸಮಯಕ್ಕಿಂತ ಮುಕ್ಕಾಲು ಗಂಟೆ ತಡ. ನಿಮ್ಮಲ್ಲಿ ಎಷ್ಟೆಂದು ಕೋಲು ನೆಟ್ಟು ನೋಡಿಕೊಳ್ಳಿ. ಪತ್ತನಾಜೆ (ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲಿನ ದಿನ) ಕಳೆದ ಮೇಲೆ ಈ ಕೆಲಸ ಬೇಡ. ಮಳೆನೀರು ಬೆರೆತರೆ ಎಲ್ಲ ಅಂಕಿಯೂ ಚಂದವೇ.

ಇಷ್ಟು ಮಾಡಿ ಏಳನೆಯ ಸಲ ಬಿಒಡಿ 150ರ ಹತ್ತಿರ ಬಂತು. ಒಳನಾಡಿನ ನೀರಿಗೆ ಬಿಡಬಹುದಾದ ಸಾಮಾನ್ಯ ಮಿತಿ 30. ಆದರೂ ಪ್ರಯೋಜನವಾಗಲಿಲ್ಲ. 1974ರ ಜಲ ಕಾಯ್ದೆಯ ಕಲಂ 21ರ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿ ತೆಗೆದ ತ್ಯಾಜ್ಯದ ಮಾದರಿಯೇ, ಅದೂ ಕ್ರಮ ತಪ್ಪಿದ್ದರೆ, ಸಾಕ್ಷಿಯಾಗುವುದಿಲ್ಲ. ಸ್ಥಳದಲ್ಲೇ ಅಲ್ಲಿನ ಉಸ್ತುವಾರಿಗೆ ನೋಟಿಸು ಕೊಡಬೇಕು, ಮಾದರಿಯನ್ನು ಎರಡು ಪಾಲು ಮಾಡಿ ಸೀಲ್ ಹಾಕಬೇಕು, ಇಬ್ಬರ ಸಹಿ ಬೇಕು. ಅವರದಕ್ಕೇ ಇಷ್ಟು ಕಟ್ಟಳೆ ಇರುವಾಗ ನಮ್ಮ ಬಾಟಲಿಯನ್ನು ಯಾರು ಕೇಳುತ್ತಾರೆ? ನಮ್ಮ ವರದಿಯಿಂದ ಆಗುವ ಕೆಲಸ ಒಂದೇ: ಯಾವಾಗ, ಎಲ್ಲಿ ಮಾದರಿ ತೆಗೆಯಬೇಕೆಂದು ಅವರಿಗೆ ತೋರಿಸುವುದು.

ಆ ‘ಯಾವಾಗ’ಕ್ಕೂ ಒಂದು ಪೆಟ್ಟು ತಿಂದೆವು. ನಮ್ಮ ದೂರಿನ ಮೇಲೆ ಮೊದಲ ತಪಾಸಣೆ ನಡೆದದ್ದು ಧನುರ್ಮಾಸದಲ್ಲಿ, ಬೆಳಿಗ್ಗೆ 11 ಗಂಟೆಗೆ, ತುಂಬು ಉಬ್ಬರದಲ್ಲಿ. ಹಾಲ್‌ನಲ್ಲಿ ಮದುವೆ ಇಲ್ಲ, ತೋಡಿನಲ್ಲಿ ಸಮುದ್ರದ ನೀರು. ವರದಿ ಶುದ್ಧ. ಆಮೇಲೆ ಪಂಚಾಂಗವನ್ನೂ ಟೈಡ್ ಟೇಬಲನ್ನೂ ಪಕ್ಕಪಕ್ಕ ಇಟ್ಟು, ದೊಡ್ಡ ಮುಹೂರ್ತದ ದಿನವೇ ಊಟದ ಹೊತ್ತಿನ ನಂತರ ಇಳಿತ ಬೀಳುವ ದಿನಗಳನ್ನು ಹುಡುಕಿದೆ. ಫೆಬ್ರವರಿಯಿಂದ ಮೇವರೆಗೆ ಒಂಬತ್ತು ಸಿಕ್ಕಿದವು. ಕೊಳಚೆಯನ್ನು ಸಂಸ್ಕರಿಸದೆ ನೇರ ತೋಡಿಗೆ ಬಿಡುವ ಬೈಪಾಸ್ ವಾಲ್ವ್ ರಾತ್ರಿ ತೆರೆಯುವ ಹೊತ್ತು ನಮಗೆ ಹೇಗೆ ತಿಳಿಯುತ್ತಿತ್ತು ಎಂಬುದನ್ನು ಮಾತ್ರ ಬರೆಯುವುದಿಲ್ಲ. ವಾಲ್ವ್ ಇರುವವರೂ ಇದನ್ನು ಓದುತ್ತಾರೆ.

ಕಾಗದದ ಕಡೆಗೆ ಬರೋಣ. ಮೊದಲ ಆರ್‌ಟಿಐ ದಂಡವಾಯಿತು. “ಏಕೆ ಕ್ರಮ ಕೈಗೊಂಡಿಲ್ಲ?” ಎಂದು ಕೇಳಿದ್ದೆ, ‘ಏಕೆ’ ಎನ್ನುವುದು ಮಾಹಿತಿಯಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎರಡನೆಯ ಸಲ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ನಮೂನೆ ‘ಎ’ಯಲ್ಲಿ ಕೇಳಿದ್ದು ಇಷ್ಟು: ಆ ಕಟ್ಟಡಕ್ಕೆ ಮಂಡಳಿ ಕೊಟ್ಟ ಸಮ್ಮತಿ ಪತ್ರ ಷರತ್ತುಗಳ ಸಮೇತ, ಮೂರು ವರ್ಷದ ತಪಾಸಣಾ ವರದಿ, ಕಟ್ಟಡದವರೇ ಸಲ್ಲಿಸಿದ ಎಸ್‌ಟಿಪಿಯ (ಕೊಳಚೆ ಸಂಸ್ಕರಣಾ ಘಟಕದ) ಲಾಗ್ ಶೀಟ್, ಜೊತೆಗೆ ಕಡತ ಪರಿಶೀಲನೆ. ವ್ಯಾಪಾರ ರಹಸ್ಯ ಎಂಬ ಉತ್ತರ ಬಂತು. ಮೊದಲ ಮೇಲ್ಮನವಿಯಲ್ಲಿ ಒಂದೇ ವಾಕ್ಯ ಬರೆದೆ: ಜಲ ಕಾಯ್ದೆಯ ಕಲಂ 25(6)ರಂತೆ ಸಮ್ಮತಿಯ ಷರತ್ತುಗಳ ರಿಜಿಸ್ಟರನ್ನು ಬಾಧಿತರು ಯಾರೂ ನೋಡಬಹುದು. 30 ದಿನದ ಗಡುವು ಮೀರಿದ್ದರಿಂದ ಆರ್‌ಟಿಐ ಕಾಯ್ದೆಯ ಕಲಂ 7(6)ರಡಿ ಪ್ರತಿಗಳೂ ಪುಕ್ಕಟೆ, 140 ಪುಟ ಚಿಲ್ಲರೆ.

ಆ ಪುಟಗಳೇ ಕೇಸು ಗೆದ್ದವು. ಸಂಸ್ಕರಿಸಿದ ನೀರನ್ನು ಫ್ಲಶ್ ಮತ್ತು ತೋಟಕ್ಕೆ ಬಳಸಬೇಕು, ಆವರಣದ ಹೊರಗೆ ಬಿಡಬಾರದು, ಎಸ್‌ಟಿಪಿಗೆ ಪ್ರತ್ಯೇಕ ವಿದ್ಯುತ್ ಮೀಟರ್ ಇರಬೇಕು ಎಂದು ಷರತ್ತು. ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ 5 ಎಚ್‌ಪಿ, ಅಂದರೆ 3.7 ಕಿಲೋವ್ಯಾಟ್. ದಿನಕ್ಕೆ 20 ಗಂಟೆ ಓಡಿದರೆ 74 ಯೂನಿಟ್, ತಿಂಗಳಿಗೆ 2,200. ಅವರದೇ ಲಾಗ್ ಶೀಟಿನಲ್ಲಿ 400 ಯೂನಿಟ್, ಅಂದರೆ ದಿನಕ್ಕೆ ಮೂರೂವರೆ ಗಂಟೆ. ಗಾಳಿ ಇಲ್ಲದ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬದುಕುತ್ತದೆಯೇ? ಮೂಗು ಮುಚ್ಚಿಕೊಂಡು ತೋಡಿಗಿಳಿಯುವ ಮೊದಲು ಈ ಗುಣಾಕಾರ ಮಾಡಿದ್ದರೆ 21 ಸಾವಿರ ಉಳಿಯುತ್ತಿತ್ತು.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಕೊಳವೆ ಯಾರದೆಂದು ತಿಳಿಯಲು ಅರಿಶಿನ ಕದಡಿ ನೋಡಿದೆವು. ಕೆಸರಿನ ಬಣ್ಣದಲ್ಲಿ ಅದು ಕಾಣಲೇ ಇಲ್ಲ. 600 ರೂಪಾಯಿಯ ಫ್ಲೋರೆಸಿನ್ ಎಂಬ ಬಣ್ಣ ತಂದು, ಒಳಗಿನ ಬಾಡಿಗೆದಾರರ ಒಪ್ಪಿಗೆಯಿಂದ ಅವರ ಸಿಂಕಿಗೆ ಸುಮಾರು 20 ಗ್ರಾಂ ಸುರಿದಾಗ 40 ನಿಮಿಷದಲ್ಲಿ ತೋಡು ಗಿಳಿಹಸಿರು. ಕೆಳಗೆ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದವರಿಗೆ ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಬೈಗಳು ತಿಂದದ್ದು ನ್ಯಾಯವೇ.

ಚೆನ್ನೈಯಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಆನ್‌ಲೈನಿನಲ್ಲೇ ಅರ್ಜಿ ಹಾಕಿದೆ. ಇಲ್ಲಿ ದೊಡ್ಡ ಗುಂಡಿ ಕಾಲಮಿತಿ. ಹಸಿರು ನ್ಯಾಯಮಂಡಳಿ ಕಾಯ್ದೆಯ ಕಲಂ 14ರಡಿ ಕಾರಣ ಮೊದಲು ಉಂಟಾದಂದಿನಿಂದ ಆರು ತಿಂಗಳು, ಸಾಕಷ್ಟು ಕಾರಣವಿದ್ದರೆ ಮೇಲೆ 60 ದಿನ. ನಮ್ಮದೇ ಮೊದಲ ದೂರಿನ ತಾರೀಕು ಹಿಡಿದರೆ ಅದು ಎಂದೋ ದಾಟಿತ್ತು. ಪರಿಸರವನ್ನು ಮೊದಲಿನ ಸ್ಥಿತಿಗೆ ತರಬೇಕೆಂದು ಕಲಂ 15ರಡಿ ಕೇಳಿದರೆ ಐದು ವರ್ಷ ಸಿಗುತ್ತದೆ. ಪರಿಹಾರದ ಮೊತ್ತ ನಮೂದಿಸಿದರೆ ಅದರ ನೂರಕ್ಕೆ ಒಂದು ಶುಲ್ಕ. ಮೊತ್ತ ಕೇಳದಿದ್ದರೆ 1,000 ರೂಪಾಯಿ. ಕೇಳಲಿಲ್ಲ. ಕನ್ನಡ ಕಾಗದಗಳ ಇಂಗ್ಲಿಷ್ ಅನುವಾದಕ್ಕೇ 4,500 ಹೋಯಿತು.

ಮೊದಲ ಕರಡಿನಲ್ಲಿ ಸಂವಿಧಾನದ 21ನೇ ವಿಧಿ, ಸುಸ್ಥಿರ ಅಭಿವೃದ್ಧಿ ಎಂದು ನಾಲ್ಕು ಪುಟ ತುಂಬಿಸಿದ್ದೆ. ಸುಸ್ಥಿರ ಅಭಿವೃದ್ಧಿ, ಮುನ್ನೆಚ್ಚರಿಕೆ, ಕೆಡಿಸಿದವನೇ ತೆರಬೇಕು ಎಂಬ ತತ್ವಗಳನ್ನು ನ್ಯಾಯಮಂಡಳಿ ಅನ್ವಯಿಸಲೇಬೇಕೆಂದು ಕಲಂ 20 ಹೇಗೂ ಹೇಳುತ್ತದೆ. ಎರಡು ವಾಕ್ಯಕ್ಕೆ ಇಳಿಸಿದೆ. ಎಲ್ಲರೂ ಉದ್ಧರಿಸುವ 1991ರ ಸುಭಾಷ್ ಕುಮಾರ್ ತೀರ್ಪು ಶುದ್ಧ ನೀರು ಬದುಕುವ ಹಕ್ಕಿನ ಭಾಗ ಎಂದದ್ದು ಹೌದು, ಆದರೆ ಆ ಅರ್ಜಿ ವಜಾ ಆಗಿತ್ತು, ಸ್ವಂತ ದ್ವೇಷದ್ದೆಂದು. ಆದ್ದರಿಂದ ನಮ್ಮೊಳಗೆ ಆ ಕಟ್ಟಡದವರ ಜೊತೆ ಜಾಗದ ತಕರಾರು ಇದ್ದ ಒಬ್ಬರನ್ನು ಅರ್ಜಿದಾರರ ಪಟ್ಟಿಯಿಂದ ಬಿಟ್ಟೆವು. ಅವರಿಗೆ ಇನ್ನೂ ಬೇಸರವಿದೆ.

ಜಂಟಿ ಸಮಿತಿ ನೇಮಕವಾಯಿತು. ನಮ್ಮ ಒಂಬತ್ತು ದಿನಾಂಕಗಳಲ್ಲಿ ಒಂದನ್ನು ಸಮಿತಿ ಆರಿಸಿಕೊಂಡಿತು. ಸೀಲ್ ಹಾಕಿದ ಮಾದರಿಯಲ್ಲಿ ಬಿಒಡಿ 130ರ ಮೇಲೆ. ಕಟ್ಟಡದವರು ತೆರಬೇಕಾದ ಪರಿಸರ ಪರಿಹಾರವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರದಲ್ಲಿ ಲೆಕ್ಕ ಹಾಕಿದರು: ಮಾಲಿನ್ಯದ ಆರೆಂಜ್ ವರ್ಗಕ್ಕೆ 50, ದರ 250, ಸಣ್ಣ ಘಟಕಕ್ಕೆ 0.5, ಹತ್ತು ಲಕ್ಷದೊಳಗಿನ ಜನಸಂಖ್ಯೆಯ ಊರಿಗೆ 1, ಎಲ್ಲ ಗುಣಿಸಿದರೆ ದಿನಕ್ಕೆ 6,250 ರೂಪಾಯಿ. ಅದನ್ನು ಮತ್ತೆ ಗುಣಿಸಬೇಕಾದದ್ದು ಉಲ್ಲಂಘನೆಯ ದಿನಗಳಿಂದ. ತಾರೀಕು, ಹೊತ್ತು, ಮೀಟರ್ ರೀಡಿಂಗ್, ಫೋಟೋ ಇರುವ ನಮ್ಮ ನೋಟ್‌ಬುಕ್ಕಿಗೆ ಬೆಲೆ ಬಂದದ್ದು ಅಲ್ಲಿ. 130 ದಿನ ಹಿಡಿದರು, ಎಂಟು ಲಕ್ಷ ದಾಟಿತು. ಬೈಪಾಸ್ ಕೊಳವೆಗೆ ಕಾಂಕ್ರೀಟ್ ಬಿತ್ತು.

ಮೇಲ್ಗಡೆ ಇನ್ನೊಂದು ಕೊಳವೆ ಇದೆ, ಅದು ವಸತಿ ಸಮುಚ್ಚಯದ್ದು. ಅಲ್ಲಿ ಮುಹೂರ್ತದ ಲೆಕ್ಕ ನಡೆಯುವುದಿಲ್ಲ. ಸದ್ಯ ಭಾನುವಾರ ಬೆಳಗಿನ ಇಳಿತಗಳನ್ನು ಗುರುತು ಹಾಕುತ್ತಿದ್ದೇವೆ.