ಲಕ್ಷ ಕೊಡುವ ಮುಂಚೆ ಏರ್ ಪಿಸ್ತೂಲನ್ನು ನಾನು ನೋಡಿದ ರೀತಿ

10 ಮೀಟರ್ ದೂರದ ಟಾರ್ಗೆಟ್‌ಗೆ ಹೊಡೆಯುವ ಏರ್ ಪಿಸ್ತೂಲ್ ಹಿಡಿದವರಿಗೆ ಒಂದಲ್ಲ ಒಂದು ದಿನ ಸ್ವಂತದ್ದು ಬೇಕು ಅನ್ನಿಸುತ್ತದೆ. ಮೊರಿನಿ, ಸ್ಟೈಯರ್, ಪಾರ್ಡಿನಿ, ವಾಲ್ಥರ್, ಯಾವ ಕಂಪನಿಯದಾದರೂ ಸರಿ, ಹೊಸದಾದರೆ ಬೆಲೆ ಲಕ್ಷ ದಾಟುತ್ತದೆ. ಕೈ ಅಳತೆ ಕೊಟ್ಟು ಗ್ರಿಪ್ (ಮರದ ಹಿಡಿ) ಮಾಡಿಸಿದರೆ ಇನ್ನೂ ಜಾಸ್ತಿ. ನಾನು ಬೆಂಗಳೂರಿನ ಇನ್ನೊಬ್ಬ ಶೂಟರ್ ಬಳಸುತ್ತಿದ್ದ ಪಿಸ್ತೂಲ್ ಕೊಂಡು, ಗ್ರಿಪ್ ಮಾತ್ರ ಹೊಸದು ಮಾಡಿಸಿದೆ.

ಪಂದ್ಯ ಅಂದರೆ 75 ನಿಮಿಷ, 60 ಪೆಲೆಟ್ (ಸೀಸದ ಸಣ್ಣ ಗುಂಡು). ಮೊದಲನೆಯದು ಹೋದ ಹಾಗೇ ಅರವತ್ತನೆಯದೂ ಹೋಗಬೇಕು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲ್ ಅರ್ಹತಾ ಸುತ್ತಿನ ಮಧ್ಯೆ ಕೈಕೊಟ್ಟಿತು. ಅದನ್ನು ಸರಿ ಮಾಡಿಸುವಷ್ಟರಲ್ಲಿ ಸಮಯ ಹೋಯಿತು, ಎರಡು ಅಂಕದಲ್ಲಿ ಫೈನಲ್ ತಪ್ಪಿತು. ಅದನ್ನು ನೋಡಿದ ಮೇಲೆ ಹೊಳಪು, ಬಣ್ಣ, ಹೆಸರು ಯಾವುದೂ ನನಗೆ ಮುಖ್ಯ ಅನ್ನಿಸಲಿಲ್ಲ.

ಆ ಪಿಸ್ತೂಲ್ ಕೊಳ್ಳುವ ಮುಂಚೆ, ಪೀಣ್ಯದಲ್ಲಿ ಮೆಷಿನ್ ಶಾಪ್ ಇಟ್ಟಿರುವ ಗೆಳೆಯನನ್ನು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದೆ. ಪಿಸ್ತೂಲ್ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಅವನು ಮೊದಲು ನೋಡಿದ್ದು ಸ್ಕ್ರೂ ತಲೆಗಳನ್ನು. "ಇಲ್ಲಿ ನೋಡು, ಈ ಮೂಲೆ ಸವೆದಿದೆ. ಸರಿಯಾದ ಕೀ ಇಲ್ಲದೆ ಯಾರೋ ಬಿಚ್ಚಿದ್ದಾರೆ" ಅಂದ. ಅದು ಟ್ರಿಗರ್ ಪಕ್ಕದ ಸ್ಕ್ರೂ. ಮಾರುವವರನ್ನು ಕೇಳಿದಾಗ, ತಾವೇ ಟ್ರಿಗರ್ ಹೊಂದಿಸಿಕೊಂಡಿದ್ದಾಗಿ ಒಪ್ಪಿಕೊಂಡರು. ಹಾಗಾಗಿ ಟ್ರಿಗರ್ ಮೇಲೆ ಜಾಸ್ತಿ ಹೊತ್ತು ಕಳೆದೆವು. ನಿಯಮದ ಪ್ರಕಾರ ಅದು ಕನಿಷ್ಠ 500 ಗ್ರಾಂ ತೂಕ ತಡೆಯಬೇಕು. ಪಿಸ್ತೂಲನ್ನು ನೇರ ಮೇಲಕ್ಕೆ ಹಿಡಿದು, ಟ್ರಿಗರ್‌ಗೆ ತೂಕ ಸಿಕ್ಕಿಸಿ, ನೆಲದಿಂದ ನಿಧಾನಕ್ಕೆ ಎತ್ತಿದೆವು. ಒಂದು ಸಲ ತಡೆದರೆ ಸಾಲದು, ಎತ್ತಿದಷ್ಟು ಸಲವೂ ತಡೆಯಬೇಕು. ತಡೆಯಿತು. ಆಮೇಲೆ ಕಣ್ಣು ಮುಚ್ಚಿ ಡ್ರೈ ಫೈರ್ ಮಾಡುತ್ತಾ, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುತ್ತಾ ಹೋದೆ. ಟ್ರಿಗರ್ ಎರಡು ಹಂತದಲ್ಲಿ ಎಳೆಯುತ್ತದೆ. ಮೊದಲ ಹಂತ ಮುಗಿದು ಬೆರಳು ನಿಲ್ಲುವ ಜಾಗ ಒಂಚೂರೂ ಕದಲಬಾರದು.

ಒತ್ತಿದ ಗಾಳಿ ತುಂಬುವ ಸಿಲಿಂಡರ್ ಮೇಲೆ ತಯಾರಾದ ದಿನಾಂಕ ಕೊರೆದಿರುತ್ತದೆ, ಓದಿಕೊಳ್ಳಿ. ಹೆಚ್ಚೆಂದರೆ ಹತ್ತು ವರ್ಷ, ಆಮೇಲೆ ಪಂದ್ಯಕ್ಕೆ ಬಿಡುವುದಿಲ್ಲ. 200 ಬಾರ್ ಒತ್ತಡಕ್ಕೆ ಗಾಳಿ ತುಂಬಿಸಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಒತ್ತಡ ತೋರಿಸುವ ಮುಳ್ಳು ಎಲ್ಲಿದೆ ನೋಡಿದೆವು. ಇಳಿದಿರಲಿಲ್ಲ. ಆದರೆ ಬ್ಯಾರಲ್ ಹಿಂಭಾಗದ ಸೀಲ್ ಬೇರೆಯದೇ ಕಥೆ. ಟಿಶ್ಯೂ ಪೇಪರಿನ ಸಣ್ಣ ಚೂರನ್ನು ಬ್ರೀಚ್ (ಪೆಲೆಟ್ ಹಾಕುವ ಹಿಂಬಾಯಿ) ಸಂದಿಯ ಮೇಲಿಟ್ಟು ಟಾರ್ಗೆಟ್ ಕಡೆ ಒಂದು ಪೆಲೆಟ್ ಹೊಡೆದರೆ, ಸೋರುವ ಗಾಳಿಗೆ ಪೇಪರ್ ಅಲ್ಲಾಡುತ್ತದೆ. ನಮ್ಮದು ಹಾರಿ ಕೆಳಗೆ ಬಿತ್ತು. ಅಲ್ಲಿ ಸೀಲ್ ಆಗಿರುವ ಓ-ರಿಂಗ್, ಅಂದರೆ ರಬ್ಬರ್ ಬಳೆ, ಚಿಕ್ಕ ವಸ್ತು, ಬದಲಾಯಿಸಬಹುದು. ಆದರೆ ಅದನ್ನು ಬದಲಾಯಿಸುವವರೆಗೆ ವೇಗ ಅಳೆಯುವುದರಲ್ಲಿ ಅರ್ಥವಿಲ್ಲ.

ಹೊಸ ಓ-ರಿಂಗ್ ಹಾಕಿ, ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಹೊಡೆದೆವು. ಇಂಥ ಪಿಸ್ತೂಲ್‌ಗಳಲ್ಲಿ ಪೆಲೆಟ್ ವೇಗ ಸೆಕೆಂಡಿಗೆ 150 ಮೀಟರ್ ಆಸುಪಾಸು. ಅಂಕಿ ಎಷ್ಟು ಅನ್ನುವುದಕ್ಕಿಂತ ಅದು ಎಷ್ಟು ಏರಿಳಿಯುತ್ತದೆ ಅನ್ನುವುದು ಮುಖ್ಯ. ಐದು ನಿಮಿಷ ಸುಮ್ನೆ ಬಿಟ್ಟು ಹೊಡೆದ ಮೊದಲ ಪೆಲೆಟ್ ಉಳಿದವಕ್ಕಿಂತ ಜೋರಾಗಿ ಹೋದರೆ, ಪ್ರತಿ ಹೊಡೆತಕ್ಕೂ ಗಾಳಿಯ ಒತ್ತಡ ಒಂದೇ ಇರುವಂತೆ ನೋಡಿಕೊಳ್ಳುವ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ಕೊಳ್ಳುವವರು ಈ ಕಾಯುವ ಪರೀಕ್ಷೆ ಮಾಡುವುದೇ ಇಲ್ಲ, ನನಗೆ ಬೇಜಾರಾಗುವುದು ಅದಕ್ಕೇ. ಪಂದ್ಯದಲ್ಲಿ ನಾವು ಕೈ ಇಳಿಸಿ ಉಸಿರು ತೆಗೆದುಕೊಳ್ಳುವುದು ಎಷ್ಟು ಸಲ, ಅಲ್ವಾ?

ಕೊನೆಗೆ ಗ್ರಿಪ್ ತೆಗೆದು, ಮರದ ತುಂಡುಗಳ ಮಧ್ಯೆ ಪಿಸ್ತೂಲನ್ನು ವೈಸ್‌ಗೆ (ವಸ್ತು ಅಲ್ಲಾಡದಂತೆ ಹಿಡಿಯುವ ಇಕ್ಕಳ) ಬಿಗಿದು ಹೊಡೆದೆವು. ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ., ಪೆಲೆಟ್ 4.5. ಐದು ಪೆಲೆಟ್ ಸೇರಿ ಒಂದೇ ತೂತು ಆಗಬೇಕು. ಒಂದು ಡಬ್ಬಿಯ ಪೆಲೆಟ್ ಚದುರಿತು, ಇನ್ನೊಂದು ಡಬ್ಬಿಯದು ಒಂದೇ ತೂತಿನಲ್ಲಿ ಹೋಯಿತು. ಬ್ಯಾರಲನ್ನು ಬೈಯುವ ಮುಂಚೆ ಪೆಲೆಟ್ ಬದಲಿಸಿ ನೋಡಲೇಬೇಕು.

ಗ್ರಿಪ್ ಮಾಡುವವರಿಗೆ ನಾನು ಹೇಳಿದ್ದು ಇಷ್ಟೇ: ನಿಯಮದ ಪ್ರಕಾರ ಪಿಸ್ತೂಲ್ ಪೂರ್ತಿ 420×200×50 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು. ಅಂಗೈ ಊರುವ ಕಡೆ ಮರ ಉಬ್ಬಿದರೆ 50 ಮೀರುವುದು ಬೇಗ.

ಸಿಲಿಂಡರ್ ಆಯಸ್ಸು ಹೆಚ್ಚು ಉಳಿದಿರಲಿಲ್ಲ. ಹೊಸದರ ಬೆಲೆ ಕಳೆದು ವ್ಯವಹಾರ ಮುಗಿಸಿದೆವು.