ಸರಪಳಿ ಹಿಡಿದು ಸೂರ್ಯನವರೆಗೆ

ನಾನು ಪರವಾನಗಿ ಪಡೆದ ಭೂಮಾಪಕ. ಹದ್ದುಬಸ್ತು (ಜಮೀನಿನ ಗಡಿ ಗುರುತಿಸುವುದು), ಪೋಡಿ (ಜಮೀನು ಭಾಗ ಮಾಡುವುದು), 11ಇ ನಕ್ಷೆ (ಜಮೀನಿನ ಭಾಗ ಮಾರುವ ಮುನ್ನ ಬೇಕಾಗುವ ನಕ್ಷೆ) ಇವೇ ನನ್ನ ದಿನದ ಕೆಲಸ. ಹೊಲದಲ್ಲಿ ಸರಪಳಿ ಎಳೆಯುವುದು ಈಗ ಕಡಿಮೆಯಾಗಿದೆ, ಯಂತ್ರ ಬಂದಿದೆ. ಆದರೆ ಹಳೇ ಟಿಪ್ಪಣಿ, ಅಂದರೆ ಸರ್ವೆ ದಾಖಲೆ, ಬಿಚ್ಚಿದರೆ ಉದ್ದಗಳೆಲ್ಲ ಇನ್ನೂ ಸರಪಳಿ, ಆಣೆಯಲ್ಲೇ (ಸರಪಳಿಯ ಹದಿನಾರನೇ ಒಂದು ಭಾಗ) ಇರುತ್ತವೆ. ಅವನ್ನು ಮೀಟರಿಗೆ ತರದೆ ಕೆಲಸ ಮುಂದೆ ಹೋಗುವುದಿಲ್ಲ.

ರಾತ್ರಿ ಮಹಡಿ ಮೇಲೆ ಸಣ್ಣ ದೂರದರ್ಶಕ ಇಟ್ಟು ಆಕಾಶ ನೋಡುವುದು ನನ್ನ ಇನ್ನೊಂದು ಪ್ರೀತಿ. ಊರಿನ ಶಾಲೆಯ ಮೇಷ್ಟ್ರು ವಿಜ್ಞಾನ ದಿನಕ್ಕೆ ಏನಾದರೂ ಮಾಡಿಕೊಡಿ ಎಂದಾಗ ಎರಡನ್ನೂ ಸೇರಿಸಿದೆ. ಆಣೆಯಿಂದ ಶುರುವಾಗಿ ಜ್ಯೋತಿರ್ವರ್ಷಕ್ಕೆ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ಮುಟ್ಟುವ ಒಂದೇ ಕೋಷ್ಟಕ.

ಮೊದಲು ಬುಡ ಗಟ್ಟಿ ಮಾಡಿಕೊಂಡೆ. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 1620ರಲ್ಲಿ ತಂದ ಸರಪಳಿ 66 ಅಡಿಯದು. ನಮ್ಮ ಸರ್ವೆಯದು ಅದರ ಅರ್ಧ, 33 ಅಡಿ. ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಇಲ್ಲಿ ಎಡವುವವರು ಜಾಸ್ತಿ. ಗುಂಟೆಗೂ 16 ಆಣೆ, ಸರಪಳಿಗೂ 16 ಆಣೆ. ಒಂದು ವಿಸ್ತೀರ್ಣ, ಇನ್ನೊಂದು ಉದ್ದ. ಹೆಸರು ಒಂದೇ ಅಂತ ಸುಮ್ನೆ ಗುಣಿಸಿಬಿಟ್ಟರೆ ಲೆಕ್ಕವೆಲ್ಲ ಕೆಡುತ್ತದೆ.

ಒಂದು ಅಡಿ ಅಂದರೆ 0.3048 ಮೀಟರ್. 1959ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅದು ನಿಖರ ಸಂಖ್ಯೆ. 33ರಿಂದ ಗುಣಿಸಿದರೆ ಸರಪಳಿಗೆ 10.0584 ಮೀಟರ್, ಆಣೆಗೆ 0.62865 ಮೀಟರ್. ನಮ್ಮ ಸರಪಳಿ ಹೆಚ್ಚುಕಡಿಮೆ ಹತ್ತು ಮೀಟರ್! ಇಷ್ಟು ವರ್ಷ ಬಳಸಿದ್ದರೂ ಇದು ಎಷ್ಟು ಅನುಕೂಲ ಅಂತ ನನಗೆ ಹೊಳೆದದ್ದು ಅವತ್ತೇ. ಹತ್ತು ಕೋಟಿ ಸರಪಳಿ ಎಂದರೆ 1.00584 ಗಿಗಾಮೀಟರ್. ಬಾಯಿಲೆಕ್ಕಕ್ಕೆ ಇಷ್ಟು ಸಾಕು.

ಸೊನ್ನೆಗಳೇ ಹೆಚ್ಚು ಕಾಟ ಕೊಟ್ಟವು. ನಾವು ಲಕ್ಷ, ಕೋಟಿ ಅಂತ ಎಣಿಸುತ್ತೇವೆ. ಮೆಟ್ರಿಕ್ ಹೆಸರುಗಳು ಮೂರು ಮೂರು ಸೊನ್ನೆಗೆ ಬದಲಾಗುತ್ತವೆ. ಕೋಟಿಗೆ ಏಳು ಸೊನ್ನೆ, ಗಿಗಾಗೆ ಒಂಬತ್ತು. ಕೊನೆಗೆ ಗೋಡೆಯ ಮೇಲೆ ಬರೆದು ಅಂಟಿಸಿಕೊಂಡೆ: ನೂರು ಕೋಟಿ ಮೀಟರ್ ಒಂದು ಗಿಗಾಮೀಟರ್, ಲಕ್ಷ ಕೋಟಿ ಮೀಟರ್ ಒಂದು ಟೆರಾಮೀಟರ್. ಬಜೆಟ್ ಸುದ್ದಿಯಲ್ಲಿ ದಿನಾ ಕೇಳುವ ಲಕ್ಷ ಕೋಟಿಯೇ ಟೆರಾ ಅಂತ ಗೊತ್ತಾದ ಮೇಲೆ ಮಕ್ಕಳಿಗೂ ಸಲೀಸಾಯಿತು. ಅದರ ಸಾವಿರದಷ್ಟು ಪೆಟಾಮೀಟರ್. ಒಂದು ಜ್ಯೋತಿರ್ವರ್ಷ ಸುಮಾರು 9.46 ಪೆಟಾಮೀಟರ್.

ಸೂರ್ಯನ ದೂರಕ್ಕೆ ಖಗೋಳ ಮಾನವನ್ನು (ಭೂಮಿಯಿಂದ ಸೂರ್ಯನಿಗಿರುವ ಸರಾಸರಿ ದೂರದ ಅಳತೆ) ತೆಗೆದುಕೊಂಡೆ. 2012ರಿಂದ ಅದು ನಿಖರವಾಗಿ 149,597,870,700 ಮೀಟರ್, ಅಂದರೆ 149.6 ಗಿಗಾಮೀಟರ್. ನಮ್ಮ ಸರಪಳಿಯಲ್ಲಿ ಸುಮಾರು 1,487 ಕೋಟಿ 29 ಲಕ್ಷ. ಅದನ್ನೇ ತಿರುಗಿಸಿ ಮೀಟರಿಗೆ ತಂದು ನೋಡಿದರೆ ತಾಳೆಯಾಗಲಿಲ್ಲ. ಸೂರ್ಯ ಸುಮಾರು 23,800 ಕಿಲೋಮೀಟರ್ ಆಚೆ ಹೋಗಿದ್ದ! ಎರಡು ಭೂಮಿ ಪಕ್ಕಪಕ್ಕ ಇಟ್ಟಷ್ಟು ದೂರ. ಹುಡುಕಿದಾಗ ತಪ್ಪು ಸಿಕ್ಕಿತು. ಒಂದು ಕಡೆ ಅಭ್ಯಾಸಬಲದಿಂದ ಸರಪಳಿಗೆ 10.06 ಅಂತ ಹಾಕಿದ್ದೆ. ಹೊಲದಲ್ಲಿ ಸರಪಳಿಗೆ 1.6 ಮಿಲಿಮೀಟರ್ ವ್ಯತ್ಯಾಸಕ್ಕೆ ಯಾವ ಅಣ್ಣತಮ್ಮಂದಿರೂ ಜಗಳವಾಡುವುದಿಲ್ಲ. 1,487 ಕೋಟಿ ಸಲ ಅದನ್ನೇ ಕೂಡಿಸುತ್ತಾ ಹೋದರೆ ಹೀಗಾಗುತ್ತದೆ. ಅಂದಿನಿಂದ ನಡುವೆ ಎಲ್ಲೂ ಅಂಕಿ ಕತ್ತರಿಸುವುದಿಲ್ಲ. ಪೂರ್ತಿ 10.0584 ಇಟ್ಟುಕೊಂಡು, ಕೊನೆಯ ಉತ್ತರವನ್ನು ಮಾತ್ರ ದುಂಡು ಮಾಡುತ್ತೇನೆ.

ಯಾವ ಅಡಿ ಎನ್ನುವುದನ್ನೂ ನೋಡಿಕೊಳ್ಳಬೇಕು. ಭಾರತದ ಹಳೇ ಸರ್ವೆ ಅಡಿ 0.3047996 ಮೀಟರ್. ಅದನ್ನು ಹಿಡಿದರೆ ಸೂರ್ಯನ ದೂರದಲ್ಲಿ ಸುಮಾರು 196 ಕಿಲೋಮೀಟರ್ ಕಮ್ಮಿ ಬರುತ್ತದೆ. ಕೋಷ್ಟಕದ ತಲೆಯಲ್ಲೇ ಯಾವ ಅಡಿ ಅಂತ ಬರೆದಿಟ್ಟಿದ್ದೇನೆ.

ಸರ್ವೆಗೂ ನಕ್ಷತ್ರಕ್ಕೂ ಏನು ಸಂಬಂಧ ಎಂದು ಒಬ್ಬ ಹುಡುಗ ಕೇಳಿದ. ತುಂಬಾ ಸಂಬಂಧ ಇದೆ. 1800ರಲ್ಲಿ ಬ್ರಿಟಿಷ್ ಸೇನಾಧಿಕಾರಿ, ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಾಣಸವಾಡಿ, ಅಗರಂ ನಡುವೆ ಸುಮಾರು 7.4 ಮೈಲಿಯ ಬೇಸ್‌ಲೈನ್ ಅಳೆದರು. ಒಂದು ಗೆರೆಯನ್ನು ಜಾಗ್ರತೆಯಿಂದ ಅಳೆದರೆ, ಮಿಕ್ಕ ದೂರಗಳನ್ನು ಕೋನ ನೋಡಿ ಲೆಕ್ಕ ಹಾಕಬಹುದು. ನಕ್ಷತ್ರದ ದೂರ ಸಿಗುವುದೂ ಹೀಗೇ. ಅಲ್ಲಿ ಬೇಸ್‌ಲೈನ್ ಭೂಮಿಯಿಂದ ಸೂರ್ಯನವರೆಗಿನ ದೂರ. ಆ ಗೆರೆಗೆ ಒಂದು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗ) ಕೋನ ಬಂದರೆ ನಕ್ಷತ್ರ ಒಂದು ಪಾರ್ಸೆಕ್ ದೂರ, ಸುಮಾರು 30.86 ಪೆಟಾಮೀಟರ್. 1838ರಲ್ಲಿ ಜರ್ಮನಿಯ ಖಗೋಳಜ್ಞ ಬೆಸೆಲ್ ಹಂಸ ರಾಶಿಯ 61 ಸಿಗ್ನಿ ನಕ್ಷತ್ರವನ್ನು ಹೀಗೆ ಅಳೆದರು.

ವಿಜ್ಞಾನ ದಿನ ಬರೀ ಕೋಷ್ಟಕ ತೋರಿಸಿದರೆ ಮಕ್ಕಳು ಎಷ್ಟು ಹೊತ್ತು ನಿಂತಾರು, ಅಲ್ವಾ? ನನ್ನ ಹಳೇ ಸರಪಳಿಯನ್ನೇ ಮೈದಾನಕ್ಕೆ ತಂದೆ. ಒಂದು ಸರಪಳಿಗೆ ಒಂದು ಗಿಗಾಮೀಟರ್. ಈ ಅಳತೆಯಲ್ಲಿ ಭೂಮಿ 13 ಸೆಂಟಿಮೀಟರ್‌ಗೆ ಸ್ವಲ್ಪ ಕಮ್ಮಿ, ಒಂದು ಸುಲಿದ ತೆಂಗಿನಕಾಯಿ ಇಟ್ಟೆವು. ಚಂದ್ರನಿಗೆ ನಿಂಬೆಹಣ್ಣು, ತೆಂಗಿನಕಾಯಿಯಿಂದ ಆರು ಆಣೆ ದೂರ. ಸೂರ್ಯನ ಅಗಲ ಒಂದು ಸರಪಳಿ ಆರು ಆಣೆ. ಸುಣ್ಣದ ಪುಡಿಯಲ್ಲಿ ಅಷ್ಟು ದೊಡ್ಡ ವೃತ್ತ ಎಳೆದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ತೆಂಗಿನಕಾಯಿ ಎತ್ತಿಕೊಂಡು ಹೋಗಿ ನಡುಮಧ್ಯೆ ಇಟ್ಟಳು. ಆಣೆ ಎಣಿಸಿಕೊಂಡು ನಿಂಬೆಹಣ್ಣನ್ನೂ ಇಟ್ಟಳು. ಅದು ಗೆರೆಯ ಒಳಗೇ ಉಳಿಯಿತು. ‘ಸಾರ್, ಚಂದ್ರನೂ ಸೂರ್ಯನ ಹೊಟ್ಟೆಯೊಳಗೇ ಬಂದ!’ ಎಂದು ಕೂಗಿದಳು.

ಆಮೇಲೆ ಎಲ್ಲರೂ ಸರಿಯಾದ ಜಾಗ ಕೇಳಿದರು. ತೆಂಗಿನಕಾಯಿ ಸೂರ್ಯನಿಂದ 149 ಸರಪಳಿ 10 ಆಣೆ ದೂರ, ಒಂದೂವರೆ ಕಿಲೋಮೀಟರ್ ಆಗುತ್ತದೆ. ಇಬ್ಬರು ಸರಪಳಿ ಹಿಡಿದರು, ಒಬ್ಬಳು ಎಣಿಕೆ ಬರೆದುಕೊಂಡಳು. ಶಾಲೆಯ ಗೇಟು ದಾಟಿ, ಕೆರೆ ಏರಿ ಮೇಲೆ ಅಳೆಯುತ್ತಾ ಹೊರಟೆವು.