100 ಕಿ.ಮೀ. ಓಟಕ್ಕೆ ಮುಂಚೆ ಪಾಂಡವಪುರದಲ್ಲೊಂದು 50

ಚಿಕ್ಕಮಗಳೂರು ಕಡೆ ಕಾಫಿ ತೋಟಗಳ ನಡುವೆ ನಡೆಯುವ 100 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಅದಕ್ಕೆ ಇನ್ನೂ ತಿಂಗಳ ಮೇಲೆ ಸಮಯ ಇರುವಾಗ ಪಾಂಡವಪುರದ ಸುತ್ತಮುತ್ತ 50 ಕಿ.ಮೀ. ಟ್ರೈಲ್ ಓಟ, ಅಂದರೆ ಡಾಂಬರು ಬಿಟ್ಟು ಬೆಟ್ಟ, ಮಣ್ಣುದಾರಿಯಲ್ಲಿ ನಡೆಯುವ ಓಟ, ಓಡಿ ಬಂದೆ. ಮೈಸೂರಿನ ಗೆಳೆಯರೆಲ್ಲ ಮೊದಲು ಕೇಳಿದ್ದು "ಎಷ್ಟು ಟೈಮ್ ಆಯ್ತು?" ಅಂತ. ಟೈಮ್ ನೋಡಿಕೊಂಡು ಓಡಿದ್ದರೆ ಈ ಓಟದಿಂದ ನನಗೆ ಬೇಕಾಗಿದ್ದು ಸಿಗುತ್ತಿರಲಿಲ್ಲ. ದಣಿದ ತೊಡೆಯಲ್ಲಿ ಇಳಿಜಾರು ಇಳಿಯಬೇಕಿತ್ತು, ಓಡುತ್ತಲೇ ಗಂಟೆಗಟ್ಟಲೆ ತಿನ್ನಬೇಕಿತ್ತು. ಅಷ್ಟೇ.

ಇಳಿಜಾರಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಎಲ್ಲರೂ ಏರಿನ ಬಗ್ಗೆಯೇ ಮಾತಾಡುತ್ತಾರೆ. ಏರುವಾಗ ಉಬ್ಬಸ ಬರುತ್ತದೆ, ನಿಂತರೆ ಹೋಗುತ್ತದೆ. ಇಳಿಯುವಾಗ ಹಾಗಲ್ಲ. ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆಯಬೇಕು. ತಡೆಯುತ್ತಲೇ ಅದು ಉದ್ದಕ್ಕೆ ಹಿಗ್ಗುತ್ತದೆ, ಒಳಗೆ ಸಣ್ಣ ಸಣ್ಣ ಹಾನಿಯಾಗುತ್ತದೆ. ಆ ನೋವು ಅವತ್ತೇ ಗೊತ್ತಾಗುವುದಿಲ್ಲ. ಒಂದು ದಿನ ಕಳೆದ ಮೇಲೆ ಜೋರಾಗುತ್ತದೆ, ಮೂರನೇ ದಿನದವರೆಗೂ ಇರುತ್ತದೆ. ಆದರೆ ದೇಹ ಇದನ್ನು ನೆನಪಿಟ್ಟುಕೊಳ್ಳುತ್ತದೆ. ಒಮ್ಮೆ ಪೆಟ್ಟು ತಿಂದು ಸುಧಾರಿಸಿಕೊಂಡ ಸ್ನಾಯು, ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಕಮ್ಮಿ ನೋಯುತ್ತದೆ. ದೊಡ್ಡ ಓಟಕ್ಕೆ ನಾಲ್ಕರಿಂದ ಆರು ವಾರ ಮುಂಚೆ ಒಂದು ಟ್ರೈಲ್ ಓಟ ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಸುಧಾರಿಸಿಕೊಳ್ಳಲು ಸಮಯವೂ ಸಿಗುತ್ತದೆ, ಆ ರಕ್ಷಣೆಯೂ ಉಳಿದಿರುತ್ತದೆ.

ಮೈಸೂರಿನಲ್ಲಿ ಇದಕ್ಕೆ ಚಾಮುಂಡಿ ಬೆಟ್ಟ ಇದೆ. ಊರಿಗಿಂತ ಸುಮಾರು 300 ಮೀಟರ್ ಎತ್ತರ, ಸಾವಿರಕ್ಕೂ ಮಿಕ್ಕ ಮೆಟ್ಟಿಲು. ನಾನು ಮೆಟ್ಟಿಲಲ್ಲಿ ಹತ್ತಿ ಮೆಟ್ಟಿಲಲ್ಲೇ ಇಳಿಯುತ್ತೇನೆ, ಬೆಳಕು ಹರಿಯುವ ಹೊತ್ತಿಗೆ. ಆಷಾಢ ಶುಕ್ರವಾರ ಆ ಕಡೆ ತಲೆ ಹಾಕುವುದಿಲ್ಲ. ಅವತ್ತು ಮೆಟ್ಟಿಲು ಭಕ್ತರದ್ದು. ಆದರೆ ಮೆಟ್ಟಿಲು ಅಂದರೆ ಒಂದೇ ತರದ ಹೆಜ್ಜೆ. ಟ್ರೈಲ್‌ನಲ್ಲಿ ಒಂದು ಹೆಜ್ಜೆ ಬಂಡೆ ಮೇಲೆ, ಇನ್ನೊಂದು ಸಡಿಲ ಜಲ್ಲಿ ಮೇಲೆ. ಅದಕ್ಕೇ ಪಾಂಡವಪುರಕ್ಕೆ ಹೋಗಿದ್ದು.

ಕುಂತಿಬೆಟ್ಟದ ಬಂಡೆಗಳ ಹತ್ತಿರ ಮೊದಲ ಏರು ಬಂತು. ಎಲ್ಲರೂ ಓಡುತ್ತಿದ್ದರು. ನಾನು ಕೈಯನ್ನು ತೊಡೆ ಮೇಲೆ ಊರಿ ನಡೆಯಲು ಶುರು ಮಾಡಿದೆ. ಪಕ್ಕದಲ್ಲಿ ಬಂದ ಮಂಡ್ಯದ ಹಿರಿಯರೊಬ್ಬರು, "ಯಾಕ್ ಸಾರ್, ಚೆನ್ನಾಗೇ ಇದ್ದೀರಲ್ಲ, ಈಗ್ಲೇ ನಡೀತಿದ್ದೀರಿ?" ಅಂದರು. "ಮುಂದೆ ಇನ್ನೊಂದು ಓಟ ಇದೆ ಸಾರ್, ಇದು ಅದರ ವೇಗ" ಅಂದೆ. ಅವರು ನಕ್ಕು ಮುಂದೆ ಹೋದರು. 100 ಕಿ.ಮೀ.ನಲ್ಲಿ ಏರೆಲ್ಲ ನಡೆಯಬೇಕು ಅಂತ ನಿರ್ಧಾರ ಮಾಡಿದ ಮೇಲೆ ಇಲ್ಲೂ ನಡೆಯಲೇಬೇಕು. ಕಾಲು ಹಗುರ ಇರುವಾಗ ನಡೆಯುವುದೇ ಕಷ್ಟ, ಅದನ್ನೂ ರೂಢಿ ಮಾಡಿಕೊಳ್ಳಬೇಕು. ಇಳಿಯುವಾಗ ಮಾತ್ರ ಸುಮ್ನೆ ಬಿಡಲಿಲ್ಲ. ಚಿಕ್ಕ ಹೆಜ್ಜೆ, ಮಂಡಿ ಸ್ವಲ್ಪ ಬಾಗಿಸಿ, ಕಣ್ಣು ನಾಲ್ಕೈದು ಹೆಜ್ಜೆ ಮುಂದೆ. ಹಿಮ್ಮಡಿ ಊರಿ ಬ್ರೇಕ್ ಹಾಕಿದರೆ ಪೆಟ್ಟು ನೇರ ಮಂಡಿಗೆ. ಕೊನೆಯ ಇಳಿಜಾರಿನಲ್ಲೂ ಹೆಜ್ಜೆ ಚಿಕ್ಕದಾಗಿಯೇ ಇತ್ತು. ಇಡೀ ದಿನದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಅದೇ.

ಈಗ ಊಟದ ವಿಷಯ. ದೀರ್ಘ ಓಟದಲ್ಲಿ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋದರೆ ಒಳ್ಳೆಯದು ಅಂತ ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಸಕ್ಕರೆ ಪಾಕದಂಥ ಜೆಲ್‌ಗಳು ಸುಲಭ ನಿಜ, ಆದರೆ ಗಂಟೆಗಟ್ಟಲೆ ಬರೀ ಜೆಲ್ ನನ್ನ ನಾಲಿಗೆಗೆ ಆಗದು. ನಾನು ಮಂಡ್ಯದ ಬೆಲ್ಲ ಹಿಡಿದೆ. ಬೆಲ್ಲದಲ್ಲಿ ಹೆಚ್ಚುಕಮ್ಮಿ ಪೂರ್ತಿ ಸಕ್ಕರೆಯೇ. ಆ ಸಕ್ಕರೆ ಸಣ್ಣ ಕರುಳಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಎರಡನ್ನೂ ಹೀರಿಕೊಳ್ಳಲು ಅಲ್ಲಿ ಬೇರೆ ಬೇರೆ ದಾರಿ ಇರುವುದರಿಂದ ಬರೀ ಗ್ಲೂಕೋಸ್‌ಗಿಂತ ಜಾಸ್ತಿ ಒಳಗೆ ಸೇರುತ್ತದೆ. ಹಿಂದಿನ ರಾತ್ರಿ ಅಚ್ಚು ಬೆಲ್ಲವನ್ನು ಹತ್ತತ್ತು ಗ್ರಾಂ ತುಂಡು ಮಾಡಿ, ಚಿಟಿಕೆ ಉಪ್ಪು ಉದುರಿಸಿ, ಒಂದೊಂದನ್ನೂ ಬಟರ್ ಪೇಪರ್‌ನಲ್ಲಿ ಸುತ್ತಿದೆ. ಗಂಟೆಗೆ ಮೂರು ತುಂಡು, ಒಂದು ಬಾಳೆಹಣ್ಣು. ಹಸಿವಾದಾಗ ತಿನ್ನೋದಲ್ಲ, ಗಡಿಯಾರ ಹೇಳಿದಾಗ ತಿನ್ನೋದು. ಬಿಸಿಲೇರಿದ ಮೇಲೆ ಬೆಲ್ಲ ಕಾಗದಕ್ಕೆ ಮೆತ್ತಿಕೊಂಡಿತು, ಕಾಗದ ಸಮೇತ ಹಲ್ಲಿನಲ್ಲಿ ಕೆರೆದು ತಿಂದೆ. 30 ಕಿ.ಮೀ. ಹತ್ತಿರ ಸ್ವಯಂಸೇವಕರು ಚಿತ್ರಾನ್ನ ಕೊಟ್ಟರು. ಆ ಹೊತ್ತಿನಲ್ಲಿ ಉಪ್ಪು, ಹುಳಿ, ಖಾರ ಬಾಯಿಗೆ ಬಿದ್ದರೆ ಎಷ್ಟು ಹಿತ ಅಂತ ತಿಂದವರಿಗೇ ಗೊತ್ತು! "ಅಣ್ಣಾ, ಕೂತ್ಕೊಂಡು ತಿನ್ನಿ" ಅಂದಳು ಒಬ್ಬ ಹುಡುಗಿ. ಕೂರಲಿಲ್ಲ, ತಟ್ಟೆ ಹಿಡಿದು ನಡೆಯುತ್ತಲೇ ತಿಂದೆ. 100 ಕಿ.ಮೀ. ಓಟದಲ್ಲಿ ರಾತ್ರಿ ಹೊತ್ತು 70 ಕಿ.ಮೀ. ದಾಟಿದ ಮೇಲೆ ಕುರ್ಚಿ ಬಿಟ್ಟು ಏಳುವುದು ಎಷ್ಟು ಕಷ್ಟ ಅಂತ ಹಳಬರಿಂದ ಕೇಳಿದ್ದೇನೆ.

ನೀರಿನ ಬಗ್ಗೆ ಒಂದು ಮಾತು. ಸೆಕೆ ಅಂತ ಸಿಕ್ಕ ಸಿಕ್ಕಲ್ಲಿ ನೀರು ಕುಡಿಯಬಾರದು. ಬರೀ ನೀರು ಅತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದು ಜೀವಕ್ಕೇ ಅಪಾಯ. ಬಾಯಾರಿದಾಗ ಕುಡಿದೆ. ಓಟದ ಮುಂಚೆ, ಆಮೇಲೆ ಎರಡು ಸಲ ತೂಕ ನೋಡಿಕೊಂಡೆ. ತೂಕ ಸ್ವಲ್ಪ ಇಳಿದಿದ್ದರೆ ಚಿಂತೆಯಿಲ್ಲ, ಏರಿದ್ದರೆ ನೀರು ಜಾಸ್ತಿ ಹೋಗಿದೆ ಅಂತ ಅರ್ಥ. ನನ್ನದು ಸ್ವಲ್ಪ ಇಳಿದಿತ್ತು.

ತೊಣ್ಣೂರು ಕೆರೆ ಹತ್ತಿರ ನೀರು ಅಷ್ಟು ತಿಳಿಯಾಗಿ ಕಾಣುವಾಗ ಇಳಿಯದೆ ಇರುವುದು ಕಷ್ಟ. ತಲೆ, ಕುತ್ತಿಗೆಗೆ ಮಾತ್ರ ಹಾಕಿಕೊಂಡೆ. ಶೂ ಒದ್ದೆಯಾದರೆ ಬೊಬ್ಬೆ ಗ್ಯಾರಂಟಿ. ಕೊನೆಯ ಭಾಗ ನಾಲೆ ಏರಿಯ ಮೇಲೆ, ಎರಡೂ ಕಡೆ ಕಬ್ಬು, ಮರದ ನೆರಳೇ ಇಲ್ಲ. ಅದರ ಬಗ್ಗೆ ಹೇಳೋದಕ್ಕೆ ಬೇರೇನೂ ಇಲ್ಲ, ಸುಮ್ನೆ ಓಡಬೇಕು.

ಮಾರನೇ ದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಿಧಾನವಾಗಿ ನಡೆದೆ. ತೊಡೆ ಬಿಗಿದಿತ್ತು, ಮನೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದೆ. ಗೋಡೆ ಬಿಟ್ಟು ಇಳಿಯುವಂತಾಗುವವರೆಗೆ ಓಡಲಿಲ್ಲ. ಮತ್ತೆ ಶುರು ಮಾಡಿದ್ದೂ ಸಮತಟ್ಟಾದ ದಾರಿಯಲ್ಲೇ.

ಈ ಓಟದಲ್ಲಿ ಪರೀಕ್ಷೆ ಮಾಡಲಾಗದ್ದು ಎರಡು ಉಳಿದಿವೆ, ಮಲೆನಾಡಿನ ಕೆಸರು ಮತ್ತು ಕತ್ತಲು. ಕೆಸರಿಗೆ ಇಲ್ಲಿ ದಾರಿ ಇಲ್ಲ, ಹಿಡಿತ ಚೆನ್ನಾಗಿರುವ ಶೂ ಮತ್ತು ಎರಡು ಜೊತೆ ಹೆಚ್ಚುವರಿ ಸಾಕ್ಸ್ ಚೀಲಕ್ಕೆ ಹಾಕಿದ್ದೇನೆ. ಕತ್ತಲಿಗೆ ಮಾತ್ರ ಶನಿವಾರ ರಾತ್ರಿ ಗೆಳೆಯನ ಜೊತೆ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಪರಿಚಯದ ಮಣ್ಣುದಾರಿಯಲ್ಲಿ ಓಡುವುದು ಅಂತ ಗೊತ್ತುಮಾಡಿದ್ದೇವೆ. ಬೆಲ್ಲ ಈ ಸಲ ಕಾಗದದ ಬದಲು ಸಣ್ಣ ಡಬ್ಬಿಯಲ್ಲಿ. ಕೊನೆಯ ಎರಡು ವಾರ ದೂರ ಅರ್ಧಕ್ಕೆ ಇಳಿಸುತ್ತೇನೆ.